ಗುಡ್ಡದ ಸೈಕಲ್ಲಿನ ಹಗುರ ಟೈರಿನ ಕಥಿ

ಹ್ವಾದ ಸಲ ಇಳಕಲ್ ಸೀರಿ ಬಗ್ಗೆ ಬರದಿದ್ದೆ, ಭಾಳ ಮಂದಿ ಓದಿ ಫೋನ್ ಮಾಡಿದ್ರಿ. ಈ ಸಲದ ವಿಷಯ ಕೇಳಿ ನಗಬ್ಯಾಡ್ರಿ. ಸೈಕಲ್ ಟೈರು. ಅದೂ ಕಾಯಿಪಲ್ಲೆ ತರಲಿಕ್ಕೆ ಹೋಗೋ ಸೈಕಲ್ಲಿಂದಲ್ಲ, ಗುಡ್ಡ ಹತ್ತಿ ಇಳಿಯೋ ರೇಸಿನ ಸೈಕಲ್ಲಿನ ಹಗುರ ಟೈರು.

ಇದನ್ನ ಯಾಕ ಆರಿಸಿಕೊಂಡೆ ಅಂದ್ರ, ನಮ್ಮ ತಂಗಿ ಮಗಳು ಎರಡು ವರ್ಷದಿಂದ ಎಂಟಿಬಿ ಅಂತಾರಲ್ಲ, ಆ ಮೌಂಟನ್ ಬೈಕಿನ ರೇಸಿಗೆ ಹೋಗಲಿಕ್ಕತ್ಯಾಳ. ಈ ಸಲ ಆಕಿಗೆ ಹಗುರ ಟೈರು ಬೇಕಂತ. ಜೋಡಿಗೆ ಎಂಟು ಸಾವಿರ! ತಂಗಿ ತನ್ನ ಭಿಶಿ ರೊಕ್ಕ ತಗದು ಕೊಡಬೇಕೋ ಬ್ಯಾಡೋ ಅಂತ ಮನಸ್ಸಿನ್ಯಾಗ ಡೋಲಾಯಮಾನ. "ರೊಕ್ಕ ಹ್ವಾದ್ರ ಹೋಗ್ಲಿ ಅಕ್ಕಾ, ಇಷ್ಟು ತೆಳ್ಳನ್ನ ಟೈರು ಕಲ್ಲಿನ ಹಾದ್ಯಾಗ ಒಡದು ಹುಡುಗಿ ಬಿದ್ರ?" ಅನ್ನೋದು ಆಕಿ ಚಿಂತಿ. ಹಂಗಾಗಿ ನಾನೂ ಒಂದಿಷ್ಟು ಓದಿದೆ, ಹುಡುಗಿ ಕಡೆ ಕೂತು ಕೇಳಿಕೊಂಡೆ. ಓದಕೋತ ಹ್ವಾದಂಗ ಗೊತ್ತಾಗಿದ್ದೇನಂದ್ರ, ಈ ಟೈರು ಹಗುರ ಮಾಡೋ ಹುಚ್ಚಿಗೆ ನೂರಾ ಮೂವತ್ತು ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಅದ. ಅದರಾಗ ಹೆಣ್ಮಕ್ಕಳ ಪಾಲೂ ಸಣ್ಣದಲ್ಲ.

ಮೊದಲ ಗಾಳಿ ಟೈರಿನಿಂದ ಸುರು ಮಾಡೋಣ. ಹಳೇ ಕಾಲದ ಸೈಕಲ್ಲಿಗೆ ಕಟಗಿ ಗಾಲಿ, ಅದರ ಮ್ಯಾಲೆ ಕಬ್ಬಿಣದ ಪಟ್ಟಿ. ಆಮ್ಯಾಲೆ ಗಟ್ಟಿ ರಬ್ಬರು ಬಂತು. ಕಲ್ಲು ಹಾಸಿದ ರಸ್ತೆದಾಗ ಹ್ವಾದ್ರ ಮೈಯಾಗಿನ ಎಲವೆಲ್ಲಾ ಅಲಗಾಡತಿದ್ವಂತ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋರು 1845ರಾಗ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ತಗೊಂಡಿದ್ರು. ಆದ್ರ ಆವಾಗ ಸೈಕಲ್ಲೂ ಇರಲಿಲ್ಲ, ರಬ್ಬರೂ ತುಟ್ಟಿ. ಜನ ಮರತುಬಿಟ್ರು. ಮುಂದ 1887ರಾಗ ಬೆಲ್‌ಫಾಸ್ಟ್ ಊರಾಗ ಜಾನ್ ಬಾಯ್ಡ್ ಡನ್ಲಪ್ ಅನ್ನೋ ದನದ ಡಾಕ್ಟರು ತಮ್ಮ ಸಣ್ಣ ಮಗನ ಮೂರು ಗಾಲಿ ಸೈಕಲ್ಲಿನ ಸಲುವಾಗಿ ರಬ್ಬರಿನ ಹಾಳಿಯಿಂದ ಕೊಳವಿ ಮಾಡಿ, ಗಾಳಿ ತುಂಬಿ, ಕಟಗಿ ಚಕ್ರಕ್ಕ ಅರಿವಿಯಿಂದ ಸುತ್ತಿದ್ರು. ಆಮ್ಯಾಲೆ ಅಂಗಳದಾಗ ಎರಡು ಗಾಲಿ ಉಳ್ಳಿಸಿ ನೋಡಿದ್ರು. ಗಟ್ಟಿ ರಬ್ಬರಿನ ಗಾಲಿ ನಡುವ ನಿಂತು ಬಿತ್ತು. ಗಾಳಿ ಗಾಲಿ ಅಂಗಳ ದಾಟಿ ಗೇಟಿಗೆ ಬಡದು ವಾಪಸ್ ಬಂತು. ನೋಡ್ರಿ, ಮೆತ್ತಗಿದ್ದದ್ದ ದೂರ ಹೋತು. ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

1888ರಾಗ ಡನ್ಲಪ್ ಪೇಟೆಂಟ್ ತಗೊಂಡ್ರು. ಥಾಮ್ಸನ್ ಅವರ ಹಳೇ ಪೇಟೆಂಟ್ ಇತ್ತಂತ ಇವರದು ಮುಂದ ನಿಲ್ಲಲಿಲ್ಲ ಅನ್ನೋದು ಬ್ಯಾರೆ ಮಾತು. 1889ರಾಗ ಬೆಲ್‌ಫಾಸ್ಟಿನ ರೇಸಿನ್ಯಾಗ ವಿಲ್ಲಿ ಹ್ಯೂಮ್ ಅನ್ನೋವ ಈ ದಪ್ಪ ಟೈರು ಹಾಕ್ಕೊಂಡು ಬಂದಾಗ ಜನ ನೋಡಿ ನಕ್ಕರಂತ. ಆತ ಗೆದ್ದಮ್ಯಾಲೆ ನಗು ನಿಂತಿತು. 1891ರಾಗ ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದ್ರು ಬಿಚ್ಚಿ ಹಾಕೋ ಟೈರು ತಂದ್ರು. ಅದಕ್ಕಿಂತ ಮೊದಲ ಟೈರು ಚಕ್ರಕ್ಕ ಅಂಟಿಸಿಬಿಡತಿದ್ರು, ಪಂಚರ್ ಆದ್ರ ಬಿಡಿಸಲಿಕ್ಕೇ ತಾಸುಗಟ್ಟಲೆ ಬೇಕಾಗ್ತಿತ್ತು.

ಈಗ ಅಮೆರಿಕಾಕ್ಕ ಬರೋಣ. 1933ರಾಗ ಶ್ವಿನ್ ಅನ್ನೋ ಕಂಪನಿ ಹುಡುಗರ ಸೈಕಲ್ಲಿಗೆ ದಪ್ಪ ಟೈರು ಹಾಕಿತು. ಅಗಲ ಎರಡಿಂಚಿಗಿಂತ ತುಸು ಜಾಸ್ತಿ, ಒಳಗ ಗಾಳಿ ಕಮ್ಮಿ. ಹುಡುಗರು ಕಟ್ಟಿ ಮ್ಯಾಲಿಂದ ಹಾರಿಸಿದ್ರೂ ಗಾಲಿ ಮುರೀಬಾರದು ಅನ್ನೋದು ಲೆಕ್ಕ. ಆ ಸೈಕಲ್ಲುಗಳು ಜಡ ಅಂದ್ರ ಜಡ. ಹುಡುಗರು ದೊಡ್ಡವರಾದ್ರು, ಸೈಕಲ್ಲು ಅಟ್ಟಕ್ಕ, ಅಡಗಲಿಗೆ ಸೇರಿದ್ವು. ನಲವತ್ತು ವರ್ಷ ಆದಮ್ಯಾಲೆ ಕ್ಯಾಲಿಫೋರ್ನಿಯಾದ ಮರಿನ್ ಅನ್ನೋ ಕಡೆ ಕೆಲವು ತರುಣರು ಇವೇ ಹಳೇ ಸೈಕಲ್ಲು ಐದು-ಹತ್ತು ಡಾಲರಿಗೆ ಹುಡುಕಿ ತಂದು, ಟಮಲ್ಪೈಸ್ ಅನ್ನೋ ಗುಡ್ಡದ ಮ್ಯಾಲಿಂದ ಇಳಿಸಲಿಕ್ಕೆ ಸುರು ಮಾಡಿದ್ರು.

ಅವರು 1976ರ ಅಕ್ಟೋಬರಿನ್ಯಾಗ ಒಂದು ಇಳಿಜಾರಿನ ಪಂದ್ಯ ಇಟ್ಟರು. ಹೆಸರು ರಿಪ್ಯಾಕ್. ಹೆಸರಿನ ಕಥಿನೂ ಮಜಾ ಅದ. ಆ ಸೈಕಲ್ಲಿಗೆ ಪೆಡಲ್ ಹಿಂದಕ್ಕ ತುಳದ್ರ ಬ್ರೇಕ್ ಹತ್ತತಿತ್ತು. ಗುಡ್ಡ ಇಳಿಯೋದ್ರಾಗ ಅದು ಕಾದು ಒಳಗಿನ ಗ್ರೀಸ್ ಸುಟ್ಟು ಹೊಗಿ ಆಗಿ ಹೋಗತಿತ್ತು. ಕೆಳಗ ಬಂದಮ್ಯಾಲೆ ಹೊಸಾ ಗ್ರೀಸ್ ತುಂಬಬೇಕು, ಅಂದ್ರ ರಿಪ್ಯಾಕ್. ಚಾರ್ಲಿ ಕೆಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಇವರೆಲ್ಲಾ ಅದರಾಗಿನ ಮಂದಿ. ಗಂಡಸರ ಗುಂಪಿನ್ಯಾಗ ವೆಂಡಿ ಕ್ರ್ಯಾಗ್ ಅನ್ನೋ ಹೆಣ್ಣುಮಗಳೂ ಇದ್ದಳು. ಆಕಿ ಕ್ಯಾಮೆರಾ ಹಿಡಕೊಂಡೇ ಗುಡ್ಡ ಹತ್ತತಿದ್ದಳು. ಇವತ್ತು ಆ ಕಾಲದ ಫೋಟೋ ಅಂತ ಎಲ್ಲಿ ನೋಡಿದ್ರೂ ಅದರಾಗ ಭಾಳಷ್ಟು ಆಕಿ ತಗದಿದ್ದ. ಬರೇ ಫೋಟೋ ತಗಿಯೋದಲ್ಲ, 1978ರಾಗ ಕೊಲರಾಡೋದ ಪರ್ಲ್ ಪಾಸ್ ಅನ್ನೋ ಹನ್ನೆರಡು ಸಾವಿರ ಫೂಟಿಗಿಂತ ಎತ್ತರದ ಕಣಿವಿ ದಾಟೋ ಸವಾರಿಗೂ ಹೋಗಿದ್ದಳು. ಅವಾಗಿನ ಸೈಕಲ್ ಒಜ್ಜಿ ಇಪ್ಪತ್ತು ಕಿಲೋದ ಆಜೂಬಾಜೂ. ಇಪ್ಪತ್ತು ಕಿಲೋ ಅಂದ್ರ ಎಷ್ಟ್ರೀ? ಒಂದು ಗ್ಯಾಸ್ ಸಿಲಿಂಡರಿನೊಳಗ ಬರೋ ಗ್ಯಾಸ್ 14.2 ಕಿಲೋ. ಅದಕ್ಕಿಂತ ಜಡ! ಇಳಿಯೋದು ಹೆಂಗರೆ ಇಳೀಬಹುದು, ಹತ್ತೋವಾಗ ಹೆಚ್ಚಾಗಿ ನೂಕಿಕೊಂಡೇ ಹೋಗಬೇಕಾಗ್ತಿತ್ತು.

ಇಲ್ಲಿಂದ ಹಗುರದ ಹುಡುಕಾಟ ಸುರು ಆತು. ಜೋ ಬ್ರೀಜ್ ಹೊಸಾ ಚೌಕಟ್ಟು ಕಟ್ಟಿದ್ರು. ಟಾಮ್ ರಿಚಿ ಅನ್ನೋರು ಇನ್ನೂ ಹಗುರ ಚೌಕಟ್ಟು ಮಾಡಿದ್ರು. ಆದ್ರ ದೊಡ್ಡ ಫರಕ ಆಗಿದ್ದು ಗಾಲ್ಯಾಗ. ಕಬ್ಬಿಣದ ರಿಮ್ಮು ಹೋಗಿ ಅಲ್ಯೂಮಿನಿಯಂ ಬಂತು. ಲಾರಿ ಟೈರಿನಂಥ ದಪ್ಪ ಮಗ್ಗಲಿನ ಟೈರು ಹೋಗಿ ತೆಳು ಮಗ್ಗಲಿನದು ಬಂತು. ಮೊದಲ ರಸ್ತೆ ಸೈಕಲ್ಲಿನ ಟೈರು ಮಾರತಿದ್ದ ಸ್ಪೆಷಲೈಸ್ಡ್ ಅನ್ನೋ ಕಂಪನಿ 1981ರಾಗ ಸ್ಟಂಪ್‌ಜಂಪರ್ ಅಂತ ಸೈಕಲ್ ಮಾಡಿ ಅಂಗಡಿಗೆ ಇಟ್ಟಿತು. ಅಲ್ಲಿವರೆಗೂ ಒಂದೊಂದಾಗಿ ಕೈಲೆ ಕಟ್ಟತಿದ್ದ ಸೈಕಲ್ಲು ಈಗ ಯಾರು ಬೇಕಾದ್ರೂ ಕೊಳ್ಳೋಹಂಗ ಆತು.

ಗಾಲಿ ಒಜ್ಜಿಗೆ ಯಾಕ ಇಷ್ಟು ಮಹತ್ವ? ನಮ್ಮ ಬೀಸೋಕಲ್ಲು ನೆನಸಿಕೊಳ್ರಿ. ಮೊದಲನೇ ಸುತ್ತು ತಿರುಗಿಸಲಿಕ್ಕೆ ರಟ್ಟಿ ಸೋಲತಾವ, ಒಮ್ಮೆ ತಿರಗಲಿಕ್ಕೆ ಹತ್ತಿದ್ರ ತಾನಾಗೇ ಹೋಗ್ತದ. ನಡುವ ನಿಲ್ಲಿಸಿದ್ರ ಮತ್ತ ಅದೇ ಪಾಡು. ಗಾಲಿಯ ಅಂಚಿಗೆ ಇರೋ ಒಜ್ಜಿನೂ ಹಂಗ. ಸೈಕಲ್ ಮುಂದಕ್ಕ ಹೋಗಬೇಕು, ಅದರ ಜೋಡಿ ಗಾಲಿನೂ ತಿರಗಬೇಕು. ಹಂಗಾಗಿ ವೇಗ ಹೆಚ್ಚು ಮಾಡೋವಾಗ ಅಂಚಿನ ನೂರು ಗ್ರಾಂ ಹತ್ತಹತ್ತಿರ ಇನ್ನೂರು ಗ್ರಾಂ ಆದಂಗ. ಕ್ರಾಸ್‌ಕಂಟ್ರಿ ರೇಸ್ ಅಂದ್ರ ಹತ್ತು ಹೆಜ್ಜಿಗೊಂದು ತಿರುವು, ಬ್ರೇಕ್ ಹಿಡಿ, ಮತ್ತ ತುಳಿ. ಬೀಸೋಕಲ್ಲು ನಿಲ್ಲಿಸಿ ನಿಲ್ಲಿಸಿ ಬೀಸಿದಂಗ. ಅದಕ್ಕ ಟೈರಿನ ಮ್ಯಾಲೆ ಎಲ್ಲಾರ ಕಣ್ಣು. ಒಂದೇ ಸಮ ಏರು ಹತ್ತೋವಾಗ ಮಾತ್ರ ಇದು ಹಂಗಲ್ಲ. ಅಲ್ಲಿ ಟೈರಿನ ನೂರು ಗ್ರಾಮೂ ಅಷ್ಟ, ನೀರಿನ ಬಾಟ್ಲಿಯ ನೂರು ಗ್ರಾಮೂ ಅಷ್ಟ.

ಈಗ ನನಗ ಭಾಳ ಸೇರಿದ ಭಾಗ. ಟೈರಿನ ಅಂಚು ರಿಮ್ಮಿನ್ಯಾಗ ಗಟ್ಟ್ಯಾಗಿ ಕೂಡಲಿಕ್ಕೆ ಒಳಗ ಒಂದು ಉಕ್ಕಿನ ತಂತಿ ಇರ್ತದ. ರೇಸಿನ ಟೈರಿನ್ಯಾಗ ಆ ತಂತಿ ಬದಲು ಕೆವ್ಲಾರ್ ಅನ್ನೋ ಎಳಿ ಇರ್ತದ. ಅದರಿಂದ ಟೈರು ಹಗುರಾಗ್ತದ, ಟಾವೆಲ್ ಮಡಚಿದಂಗ ಮಡಚಿ ಚೀಲದಾಗ ಇಡಬಹುದು. ಆ ಕೆವ್ಲಾರ್ ಕಂಡುಹಿಡದಾಕಿ ಒಬ್ಬ ಹೆಣ್ಣುಮಗಳು! ಹೆಸರು ಸ್ಟೆಫನಿ ಕ್ವೋಲೆಕ್. ಸಣ್ಣಾಕಿ ಇದ್ದಾಗ ಅರಿವಿ ಹೊಲಿಯೋದು, ಅರಿವಿಯ ಹೊಸಾ ನಮೂನಿ ಮಾಡೋದು ಅಂದ್ರ ಆಕಿಗೆ ಪ್ರಾಣ. ಆಮ್ಯಾಲೆ ಡಾಕ್ಟರಕಿ ಓದಬೇಕಂತ, ಅದಕ್ಕ ರೊಕ್ಕ ಕೂಡಿಸಲಿಕ್ಕೆ 1946ರಾಗ ಡ್ಯೂಪಾಂಟ್ ಕಂಪನಿ ಸೇರಿದಳು. ಕೆಲಸ ರುಚಿಸಿತು, ಅಲ್ಲೇ ಉಳದಳು.

1960ರ ದಶಕದಾಗ ಕಂಪನಿಯವರು ಕಾರಿನ ಟೈರಿಗೆ ಉಕ್ಕಿನ ಬದಲು ಹಗುರಾದ, ಗಟ್ಟಿಯಾದ ಎಳಿ ಹುಡುಕತಿದ್ರು. ಟೈರು ಹಗುರಾದ್ರ ಪೆಟ್ರೋಲ್ ಉಳೀತದ ಅಂತ. 1965ರಾಗ ಕ್ವೋಲೆಕ್ ಕಲಸಿದ ಒಂದು ದ್ರಾವಣ ಉಳದವರಂಗ ದಪ್ಪಗ, ತಿಳಿಯಾಗಿ ಇರಲಿಲ್ಲ. ಮಜ್ಜಿಗಿ ಹಂಗ ತೆಳ್ಳಗ, ರಾಡಿ ರಾಡಿ. ಎಳಿ ತಗಿಯೋ ಯಂತ್ರ ನೋಡಿಕೊಳ್ಳಾವ ಇದನ್ನ ಹಾಕಿದ್ರ ಯಂತ್ರ ಕಟ್ಟಿಕೋತದ ಅಂತ ಮೊದಲ ಒಲ್ಲೆ ಅಂದ. ಈಕಿ ಬಿಡಲಿಲ್ಲ. ಕಡೀಕ ಎಳಿ ತಗದು ನೋಡಿದ್ರ, ಒಜ್ಜಿಗೆ ಒಜ್ಜಿ ಹಚ್ಚಿದ್ರ ಉಕ್ಕಿಗಿಂತ ಐದು ಪಟ್ಟು ಗಟ್ಟಿ! ಪೋಲೀಸರ, ಸೈನಿಕರ ಗುಂಡು ತಡಿಯೋ ಅಂಗಿ ಇದರಿಂದ ಆಗ್ತದ ಅಂತ ಎಲ್ಲಾರಿಗೂ ಗೊತ್ತು. ಆದ್ರ ಅದು ಹುಟ್ಟಿದ್ದು ಟೈರಿನ ಹುಡುಕಾಟದಾಗ. ನಾವು ಕೆಟ್ಟುಹೋತಂತ ಚೆಲ್ಲೋ ಹಿಟ್ಟಿನ್ಯಾಗ ಕೆಲವೊಮ್ಮೆ ಛೊಲೊ ದ್ವಾಸಿ ಆಗೂದಿಲ್ಲೇನ್ರಿ, ಹಂಗ. ಕ್ವೋಲೆಕ್ 2014ರಾಗ 90 ವರ್ಷದಾಕಿ ಆಗಿ ತೀರಿಕೊಂಡಳು.

ಟೈರಿನ್ಯಾಗ ಅರಿವಿನೂ ಅದ ಅಂತ ನನಗ ಗೊತ್ತಿರಲಿಲ್ಲ. ರಬ್ಬರಿನ ಕೆಳಗ ನೈಲಾನ್ ಎಳಿಯ ಪದರ ಇರ್ತದ. ಒಂದಿಂಚಿಗೆ ಎಷ್ಟು ಎಳಿ ಅಂತ ಟೈರಿನ ಮ್ಯಾಲೆ ಬರದಿರ್ತಾರ, 60 ಅಥವಾ 120. ಸೀರಿ ಲೆಕ್ಕನ. ಎಳಿ ಸಣ್ಣಾಗಿ ಒತ್ತೊತ್ತಾಗಿದ್ರ ಅರಿವಿ ನುಣುಪು, ಹಗುರ, ಮೈಗೆ ಹೊಂದತದ. ದಪ್ಪ ಎಳಿ ಆದ್ರ ಒರಟು, ಜಡ, ಆದ್ರ ತಡೀತದ. ಒಂದು ಫರಕ ಅದ. ಸೀರಿಯೊಳಗ ಹಾಸು-ಹೊಕ್ಕು ಒಂದರೊಳಗೊಂದು ನೇದಿರ್ತಾವ. ಸುರುವಿನ ಟೈರಿನ್ಯಾಗೂ ಹಂಗ ನೇದ ಕ್ಯಾನ್ವಾಸ್ ಹಾಕತಿದ್ರು. ಗಾಲಿ ತಿರುಗಿದಂಗೆಲ್ಲಾ ಎಳಿಗೆ ಎಳಿ ತಿಕ್ಕಿ ತಿಕ್ಕಿ ಕತ್ತರಿಸಿ ಹೋಗತಿದ್ವು. ಅದಕ್ಕ ಈಗ ಒಂದು ಪದರ ಹಿಂಗ ಓರಿ, ಇನ್ನೊಂದು ಪದರ ಹಂಗ ಓರಿ ಹಾಸಿ, ನಡುವ ರಬ್ಬರು ಹಚ್ಚತಾರ.

1990ರಾಗ ಕೊಲರಾಡೋದ ಡುರಾಂಗೋದಾಗ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಆತು. ಹೆಣ್ಮಕ್ಕಳ ಕ್ರಾಸ್‌ಕಂಟ್ರಿ ಗೆದ್ದಾಕಿ ಜೂಲಿ ಫರ್ಟಾಡೊ, ಗಂಡಸರದು ನೆಡ್ ಓವರೆಂಡ್. 1996ರಾಗ ಅಟ್ಲಾಂಟಾ ಒಲಿಂಪಿಕ್ಸಿಗೂ ಈ ಆಟ ಸೇರಿತು. ಇಟಲಿಯ ಪಾವೊಲಾ ಪೆಜ್ಜೊ ಅಲ್ಲೂ ಬಂಗಾರ ಗೆದ್ದಳು, 2000ದ ಸಿಡ್ನಿಯೊಳಗೂ ಗೆದ್ದಳು. ಇದಕ್ಕಿಂತ ಮೊದಲ ಕ್ಯಾಲಿಫೋರ್ನಿಯಾದ ಜ್ಯಾಕಿ ಫೆಲನ್ 1983, 84, 85, ಮೂರೂ ವರ್ಷ ಅಮೆರಿಕಾದ ಚಾಂಪಿಯನ್ ಆಗಿದ್ದಳು. ಆಕಿ ಹೆಣ್ಮಕ್ಕಳಿಗೆ ಗುಡ್ಡದ ಸೈಕಲ್ ಕಲಿಸಲಿಕ್ಕೆ ಒಂದು ಸಂಘ ಕಟ್ಟಿದಳು. ಅದರ ಹೆಸರು "ಹೆಣ್ಮಕ್ಕಳ ಮೌಂಟನ್ ಬೈಕ್ ಮತ್ತು ಚಹಾ ಸಂಘ". ಖರೇನ ಚಹಾ ಸಂಘ! ನಮ್ಮ ಭಿಶಿ ಮಂಡಳಿಗೂ ಇಂಥಾದೊಂದು ಹೆಸರು ಇಡಬೇಕು ನೋಡ್ರಿ.

ರೇಸು ದೊಡ್ಡದಾದಂಗ ಗ್ರಾಂ ಲೆಕ್ಕದ ಹುಚ್ಚೂ ಏರಿತು. ಮ್ಯಾಕ್ಸಿಸ್ ಕಂಪನಿ 330 ಅಂತ ಒಂದು, 310 ಅಂತ ಇನ್ನೊಂದು ಟೈರು ತಂದಿತು. ಒಜ್ಜಿ ಎಷ್ಟು ಗ್ರಾಂ ಅನ್ನೋದ ಅದರ ಹೆಸರು. ಅರ್ಧಾ ಲೀಟರ್ ಹಾಲಿನ ಪಾಕೀಟು ಐನೂರು ಗ್ರಾಮಿನ ಮ್ಯಾಲೆ ಬರ್ತದ. ಅದಕ್ಕಿಂತ ಹಗುರ ಟೈರು! ಕೈಯಾಗ ಹಿಡದವರು ಇದು ಟೈರೋ ಬಲೂನೋ ಅಂತಿದ್ರಂತ. ಏರಿನ್ಯಾಗ ಹಕ್ಕಿ ಹಂಗ ಹಾರತದ ಅಂತ ಸವಾರರು ಖುಷಿ ಪಟ್ಟರು. ಇಳಿಯೋವಾಗ ಗೊತ್ತಾತು ಅದರ ಇನ್ನೊಂದು ಮಾರಿ.

ತೆಳ್ಳನ್ನ ಟೈರಿನ ತೊಂದರಿ ಮೂರು. ಒಂದು, ಹಾವಿನ ಕಡತ. ಗಾಳಿ ಕಮ್ಮಿ ಇದ್ದಾಗ ಕಲ್ಲಿಗೆ ಬಡದ್ರ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವ ಸಿಕ್ಕು ಜೋಡಿ ತೂತು ಬೀಳತಾವ, ಹಾವು ಕಡದಂಗ. ಅವರೂ ಅದಕ್ಕ ಹಂಗ ಕರೀತಾರ. ಎರಡು, ಚೂಪು ಕಲ್ಲಿಗೆ ಮಗ್ಗಲು ಹರಿಯೋದು. ಅದಕ್ಕ ತ್ಯಾಪಿ ಹಚ್ಚಿದ್ರೂ ನಿಲ್ಲೂದು ಕಠಿಣ. ಮೂರು, ಮುಳ್ಳು. ಅಮೆರಿಕಾದ ಪಶ್ಚಿಮದ ಒಣ ಸೀಮ್ಯಾಗ ಸೈಕಲ್ ಹೊಡಿಯೋರು ಆಡಿನ ತಲಿ ಅಂತ ಕರಿಯೋ ಮುಳ್ಳಿಗೆ ಅಂಜತಾರ. ಯಾವ ಮುಳ್ಳದು ಅಂತ ನೋಡಿದ್ರ, ನಮ್ಮ ಹೊಲದ ನೆಗ್ಗಿಲ ಮುಳ್ಳು! ಔಷಧದಾಗ ಗೋಕ್ಷುರ ಅಂತಾರಲ್ಲ, ಅದ. ಹೆಂಗ ಬಿದ್ರೂ ಒಂದು ಮುಳ್ಳು ಮ್ಯಾಲೆ ಮಾರಿ ಮಾಡೇ ಇರ್ತದ. ಬರಿಗಾಲಿಲೆ ಹೊಲಕ್ಕ ಹೋದವರಿಗೆ ಹೇಳೋದೇ ಬ್ಯಾಡ.

ಹಾವಿನ ಕಡತ ತಪ್ಪಿಸಲಿಕ್ಕೆ ಸವಾರರು ಗಾಳಿ ಬಿರುಸಾಗಿ ತುಂಬಿದ್ರು, 40 ಪಿಎಸ್‌ಐ, ಅದಕ್ಕೂ ಮ್ಯಾಲೆ. ಆವಾಗ ಟೈರು ಕಲ್ಲಿನ ಮ್ಯಾಲೆ ಪುಟಿಯಲಿಕ್ಕೆ ಹತ್ತಿತು. ತಿರುವಿನ್ಯಾಗ ಜಾರೋದು, ಕೈ ಜೋಮು ಹಿಡಿಯೋದು, ಸೊಂಟ ನೋವು. ಇಲ್ಲೇ ನೋಡ್ರಿ ಡನ್ಲಪ್ ಅವರ ಅಂಗಳದ ಗಾಲಿ ಮತ್ತ ನೆನಪಾಗೋದು. ನುಣುಪು ರಸ್ತೆದಾಗ ಗಾಳಿ ಬಿರುಸಿದ್ರ ಛೊಲೊ. ಕಲ್ಲು-ಬೇರಿನ ಹಾದ್ಯಾಗ ಬಿರುಸು ಗಾಲಿ ಪ್ರತಿಯೊಂದು ಕಲ್ಲಿಗೂ ಸೈಕಲ್ಲನ್ನ, ಮ್ಯಾಲಿನ ಮನಷ್ಯಾನ್ನ ಎತ್ತಿ ಒಗೀತದ. ಮುಂದಕ್ಕ ಹೋಗೋ ಶಕ್ತಿ ಮ್ಯಾಲಕ್ಕ ಹೋಗಿ ಹಾಳಾಗ್ತದ. ಅಗಲ ಟೈರಿನ್ಯಾಗ ಗಾಳಿ ಕಮ್ಮಿ ಇದ್ರ ಕಲ್ಲನ್ನ ತಾನೇ ನುಂಗಿಕೊಂಡು ಮುಂದ ಹೋಗ್ತದ.

ಆದ್ರ ಗಾಳಿ ಕಮ್ಮಿ ಮಾಡಿದ್ರ ಹಾವು ಕಡೀತದಲ್ಲ? ಇದಕ್ಕ ಉತ್ತರ, ಟ್ಯೂಬನ್ನೇ ತಗದುಬಿಡೋದು. 1999ರಾಗ ಮಾವಿಕ್, ಮಿಶೆಲಿನ್, ಹಚಿನ್ಸನ್, ಮೂರು ಫ್ರೆಂಚ್ ಕಂಪನಿಗಳು ಕೂಡಿ ಟ್ಯೂಬಿಲ್ಲದ ಸೈಕಲ್ ಟೈರು ತಂದ್ವು. ಗಾಳಿ ಸೋರಬಾರದಂತ ಒಳಗ ಒಂದು ರಬ್ಬರ್ ಪದರ ಹೆಚ್ಚು ಹಾಕಿದ್ರು, ಹಂಗಾಗಿ ಅವು ಜಡ ಆದ್ವು. ಹಗುರದ ಹುಚ್ಚಿನವರಿಗೆ ಅದು ಸೇರಲಿಲ್ಲ. ಆವಾಗ ಅಮೆರಿಕಾದ ಸ್ಟ್ಯಾನ್ ಕೋಜಿಯಾಟೆಕ್ ಅನ್ನೋರು, ಮಾಮೂಲಿ ಹಗುರ ಟೈರಿನ ಒಳಗ ರಬ್ಬರಿನ ಹಾಲು ಹಾಕಿ, ರಿಮ್ಮಿಗೆ ಪಟ್ಟಿ ಅಂಟಿಸಿ ಟ್ಯೂಬಿಲ್ಲದಂಗ ಓಡಿಸೋ ದಾರಿ ಹಾಕಿಕೊಟ್ಟರು. ಸ್ಟ್ಯಾನ್ಸ್ ನೋಟ್ಯೂಬ್ಸ್ ಅಂತ ಹೆಸರಾತು. ಎಕ್ಕಿ ಗಿಡದ ಎಲಿ ಹರದ್ರ ಹಾಲು ಬಂದು ಆಮ್ಯಾಲೆ ಹೆಪ್ಪುಗಟ್ಟಿ ಗಾಯ ಮುಚ್ಚತದಲ್ಲ, ಅದೇ ಉಪಾಯ. ಮುಳ್ಳು ಹೊಕ್ಕರ ಹಾಲು ಚಿಮ್ಮಿ ಬಂದು, ಅಲ್ಲೇ ಗಟ್ಟಿಯಾಗಿ ತೂತು ಮುಚ್ಚತದ. ಸವಾರನಿಗೆ ಎಷ್ಟೋ ಸಲ ಮುಳ್ಳು ಚುಚ್ಚಿದ್ದ ಗೊತ್ತಾಗೂದಿಲ್ಲ. ದೊಡ್ಡ ತೂತಾದ್ರ ದೀಪದ ಬತ್ತಿ ಹಂಗಿರೋ ರಬ್ಬರಿನ ಬತ್ತಿ ಸೇರಿಸಿ ಮುಂದ ಹೋಗ್ತಾರ. ಆದ್ರ ಹಾಲು ಕೆಲವು ತಿಂಗಳಿಗೆ ಒಣಗಿ ಕೆನಿಗಟ್ಟತದ, ಮತ್ತ ಹಾಕಬೇಕು. ನಮ್ಮ ಬಿಸಲಿಗೆ ಇನ್ನೂ ಲಗೂ.

ಇದೊಂದರಿಂದ ಎಲ್ಲಾ ಬದಲಾತು. ಟೈರಿನ ಗಾಳಿ 40ರಿಂದ 20ರ ಆಸುಪಾಸಿಗೆ ಇಳೀತು. ಅಗಲ 1.95 ಇಂಚಿನಿಂದ 2.25, ಈಗ 2.4 ತನಕ ಬಂದದ. ಗಾಲಿ ಎತ್ತರನೂ 26 ಇಂಚಿನಿಂದ 29 ಇಂಚಿಗೆ ಏರಿತು. ಅದರ ಜೋಡಿ ಟೈರಿನ ಒಜ್ಜಿನೂ ಏರಿತು. ಇವತ್ತಿನ ರೇಸಿನ ಟೈರು ಹೆಚ್ಚಾಗಿ 600ರಿಂದ 750 ಗ್ರಾಂ. ಅಂದ್ರ ಆ 310ಕ್ಕ ಎರಡು ಪಟ್ಟು! ಟ್ಯೂಬಿನ ಒಜ್ಜಿ ಉಳೀತು ಖರೆ, ಆದ್ರೂ ಜಮಾ-ಖರ್ಚು ನೋಡಿದ್ರ ಗಾಲಿ ಜಡನ ಆಗ್ಯದ. ಜಗತ್ತಿನ ಅತಿ ಜೋರು ಸವಾರರೇ ಜಡ ಟೈರು ಆರಿಸಿಕೊಂಡಾರ.

ಯಾಕಂತ ಲೆಕ್ಕ ಹಾಕಿ ನೋಡಿದೆ. ನಮ್ಮ ಹುಡುಗಿ, ಸೈಕಲ್ಲು, ನೀರು ಎಲ್ಲಾ ಕೂಡಿ 65 ಕಿಲೋ ಅಂತ ಹಿಡಿಯೋಣ. ಎರಡು ಟೈರಿನ್ಯಾಗ 600 ಗ್ರಾಂ ಉಳಿಸಿದ್ರ ನೂರಕ್ಕ ಒಂದು ಪಾಲೂ ಆಗೂದಿಲ್ಲ. ಅರ್ಧಾ ತಾಸಿನ ಏರಿನ್ಯಾಗ ಹೆಚ್ಚಂದ್ರ 16 ಸೆಕೆಂಡು ಉಳೀತದ. ರೇಸಿನ್ಯಾಗ 16 ಸೆಕೆಂಡು ಸಣ್ಣದಲ್ಲ, ಪದಕ ಹೋಗಬಹುದು, ಬರಬಹುದು. ಆದ್ರ ಒಂದು ಪಂಚರ್ ಆದ್ರ ನಾಕೈದು ನಿಮಿಷ ಹೋಗ್ತದ, ಇಲ್ಲಾ ರೇಸೇ ಹೋಗ್ತದ.

ಒಲಿಂಪಿಕ್ಸಿನ ಕಥಿನೂ ಇದನ್ನ ಹೇಳತಾವ. 2004, 2008 ಎರಡೂ ಸಲ ಬಂಗಾರ ಗೆದ್ದ ಫ್ರಾನ್ಸಿನ ಜೂಲಿಯೆನ್ ಅಬ್ಸಲೋನ್ 2012ರ ಲಂಡನ್ನಿನ್ಯಾಗ ಸುರುವಿಗೇ ಪಂಚರ್ ಆಗಿ ರೇಸಿನಿಂದ ಹೊರಗ ಬಂದ. 2016ರ ರಿಯೊದಾಗ ರಸ್ತೆ ಸೈಕಲ್ಲಿನ ವಿಶ್ವ ಚಾಂಪಿಯನ್ ಪೀಟರ್ ಸಾಗನ್ ಮುಂದ ಮುಂದ ಹೊಂಟಾಂವ ಪಂಚರಿನಿಂದ ಹಿಂದ ಬಿದ್ದ. 2024ರ ಪ್ಯಾರಿಸ್ಸಿನ್ಯಾಗ ನೆದರ್ಲೆಂಡ್ಸಿನ ಪುಕ್ ಪೀಟರ್ಸೆ ಪದಕದ ಜಾಗಾದಾಗ ಇದ್ದಳು. ಪಂಚರ್ ಆತು, ನಾಕನೇದಾಕಿ ಆದಳು. ಅದೇ ಹಾದಿ, ಮರುದಿನ ಗಂಡಸರ ರೇಸು. ಬ್ರಿಟನ್ನಿನ ಟಾಮ್ ಪಿಡ್ಕಾಕ್‌ಗೂ ಪಂಚರ್ ಆತು. ಗಾಲಿ ಬದಲಿಸಿಕೊಂಡು ಅರ್ಧಾ ನಿಮಿಷಕ್ಕಿಂತ ಹೆಚ್ಚು ಹಿಂದ ಬಿದ್ದಾಂವ, ಒಬ್ಬೊಬ್ಬರನ್ನ ಹಿಡಕೋತ ಬಂದು ಕಡೀ ಸುತ್ತಿನ್ಯಾಗ ಬಂಗಾರ ಗೆದ್ದ. ಎಲ್ಲಾರಿಗೂ ಆ ತಾಕತ್ತು ಇರೂದಿಲ್ಲ, ಬಿಡ್ರಿ. ಆದ್ರ ಜಗತ್ತಿನ ಅತಿ ಛೊಲೊ ಟೈರು, ಅತಿ ಛೊಲೊ ಮೆಕ್ಯಾನಿಕ್ಕು ಇದ್ದವರಿಗೂ ಇದು ತಪ್ಪೂದಿಲ್ಲ ಅಂತ ತಿಳೀತು.

ನಮ್ಮ ಕಡೆ ಈ ಆಟ ಹೊಸಾದಂತೂ ಅಲ್ಲ. ವಿಜಯಪುರ, ಬಾಗಲಕೋಟಿ ಹುಡುಗ-ಹುಡುಗ್ಯಾರು ಸೈಕಲ್ಲಿಗೆ ಮೊದಲಿಂದಲೂ ಹೆಸರಾದವರು. 2022ರಾಗ ಮೌಂಟನ್ ಬೈಕಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಮ್ಮ ಗದಗಿನ್ಯಾಗ ಆತು. ಇಲ್ಲಿಯ ಹಾದಿ ಯುರೋಪಿನ ಕಾಡಿನ ಹಾದಿ ಹಂಗಲ್ಲ. ಒಣ ಮಣ್ಣು, ಸಡಲ ಗರಸು, ಮ್ಯಾಲೆ ಜಾಲಿ ಮುಳ್ಳು. ಅಲ್ಲಿಯವರಿಗೆ ಹೊಂದೋ ಟೈರು ನಮಗ ಹೊಂದಬೇಕಂತ ಏನಿಲ್ಲ.

ನಮ್ಮ ಹುಡುಗಿ ಹ್ವಾದ ವರ್ಷ ಗೆಳತಿ ಕಡೆಯಿಂದ ಅಗದಿ ಹಗುರ ಟೈರು ಇಸಗೊಂಡು ಗುಡ್ಡಕ್ಕ ಹೋಗಿದ್ದಳು. ಏರು ಹತ್ತೋವಾಗ ಯಾರೋ ಹಿಂದಿನಿಂದ ನೂಕಿದಂಗ ಆತಂತ. ಇಳಿಯೋವಾಗ ಕಲ್ಲಿಗೆ ತಾಗಿ ಮಗ್ಗಲು ಬೆರಳುದ್ದ ಹರೀತು. ರಬ್ಬರಿನ ಹಾಲೆಲ್ಲಾ ಮೈಮ್ಯಾಲೆ ಸಿಡದು, ಆರು ಕಿಲೋಮೀಟರ್ ಸೈಕಲ್ ಹೊತಗೊಂಡು ಬಂದಳು. "ಮೌಶಿ, ಆ ಹತ್ತೋದೂ ಮರಿಲಿಕ್ಕೆ ಆಗೂದಿಲ್ಲ, ಆ ನಡದದ್ದೂ ಮರಿಲಿಕ್ಕೆ ಆಗೂದಿಲ್ಲ" ಅಂದಳು. ಹಗುರ ಟೈರು ಹಾಕಿದವರ ಅನುಭವ ಎಲ್ಲಾ ಈ ಒಂದು ಮಾತಿನ್ಯಾಗ ಅದ ಅನ್ನಸತು.

ಇದನ್ನೆಲ್ಲಾ ತಂಗಿಗೆ ಹೇಳಿದೆ. ಕಡೀಕ ಅವರು ಮಾಡಿದ್ದು ಹಿಂಗ. ದಿನಾ ಅಭ್ಯಾಸಕ್ಕ ಈಗಿರೋ ಜಡ ಟೈರ ಇರ್ಲಿ. ಮದವಿ ಮನಿ ರೇಷ್ಮಿ ಸೀರಿ ಉಟಗೊಂಡು ಯಾರೂ ಅಂಗಳ ಸಾರಸೂದಿಲ್ಲ. ರೇಸಿಗೆ ಹಗುರದ್ದು ತಗೋಳೋದು, ಆದ್ರ ಅತಿ ಹಗುರದ್ದಲ್ಲ. 2.25 ಅಗಲ, ಮಗ್ಗಲಿಗೆ ಒಂದು ರಕ್ಷಣಾ ಪದರ ಇದ್ದದ್ದು, 700 ಗ್ರಾಮಿನ ಆಸುಪಾಸು. ಮುಂದಿನ ಗಾಲಿಗೆ ಹಲ್ಲು ಚೂಪಿದ್ದದ್ದು, ಯಾಕಂದ್ರ ಮುಂದಿನ ಗಾಲಿ ಜಾರಿದ್ರ ಮನಷ್ಯಾ ಬಿದ್ದಂಗ. ಹಿಂದಿನದಕ್ಕ ಸಣ್ಣ ಹಲ್ಲಿಂದು, ಲಗೂ ಉಳ್ಳೋದು. ಅಂಗಡಿಯಾಂವ ಇದಕ್ಕಿಂತ ಹಗುರದ್ದು ತುಟ್ಟಿ ರೇಟಿಗೆ ಕೊಡಲಿಕ್ಕೆ ನೋಡಿದನಂತ, ತಂಗಿ ಬ್ಯಾಡ ಅಂದಳು. ಎಂಟು ಸಾವಿರದ ಜಾಗಾದಾಗ ಆರೂವರಿಗೆ ಮುಗೀತು. ಉಳದ ರೊಕ್ಕದಾಗ ಛೊಲೊ ಹೆಲ್ಮೆಟ್ ಕೊಡಿಸ್ಯಾಳ.

ನಿಮ್ಮ ಮನಿ ಹುಡುಗರು ಇಂಥ ಟೈರು ಕೇಳಿದ್ರ ಮೂರು ಪ್ರಶ್ನಿ ಕೇಳ್ರಿ. ಯಾವ ಹಾದ್ಯಾಗ ಹೊಡೀತಿ? ಗಾಳಿ ಎಷ್ಟು ಹಾಕ್ತಿ? ಒಳಗಿನ ಹಾಲು ಯಾವಾಗ ಬದಲಿಸಿದಿ? ಉತ್ತರ ಪಟಪಟ ಬಂದ್ರ ರೊಕ್ಕ ಕೊಡ್ರಿ. ತಡವರಿಸಿದ್ರ ಮೊದಲ ಇದನ್ನ ಓದಿಸ್ರಿ. ಸ್ಟೆಫನಿ ಕ್ವೋಲೆಕ್ ಕಥಿ ಮಾತ್ರ ಹೆಣ್ಣು ಹುಡುಗ್ಯಾರಿಗೆ ತಪ್ಪದ ಹೇಳ್ರಿ.

ಮುಂದಿನ ಸಲ ಉಪ್ಪಿನಕಾಯಿ ಭರಣಿ ಬಗ್ಗೆ ಬರೀತೀನಿ. ಕಾಕೂ ಕೇಳಿ ಭಾಳ ದಿನಾ ಆತು.